ಎಣ್ಣೆ ಸವರಿದರೆ ಬೂದು ಎಲ್ಲಿಗೆ ಹೋಯಿತು?

ಶ್ರೀರಂಗಪಟ್ಟಣ, ಪಾಂಡವಪುರದ ಆಲೆಮನೆಗಳಲ್ಲಿ ಕೊಪ್ಪರಿಗೆಯ ಕೆಳಗೆ ಉರಿಯುವುದು ಗಾಣದಿಂದ ಹೊರಬಿದ್ದು ಒಣಗಿದ ಕಬ್ಬಿನ ಸಿಪ್ಪೆ. ಅದರ ಬೂದಿಯಲ್ಲಿ ಹೆಚ್ಚಿನ ಪಾಲು ಸಿಲಿಕಾ, ಗಾಜಿಗೂ ಮೂಲವಾದ ವಸ್ತು. ಗಾಜಿನಲ್ಲಿ ಬೆಳಕು ಸಲೀಸಾಗಿ ದಾಟುತ್ತದೆ, ಬೂದಿಯಲ್ಲೇಕೆ ದಾಟುವುದಿಲ್ಲ? ಸುಡದೆ ಉಳಿದ ಇದ್ದಿಲು ಅದಕ್ಕೆ ತುಸು ಕಪ್ಪು ಬೆರೆಸುತ್ತದೆ, ನಿಜ. ಬಿಳುಪು ಮಾತ್ರ ಕಣಗಳ ನಡುವೆ ಸಿಕ್ಕಿಕೊಂಡ ಗಾಳಿಯದು. ಕಣದಿಂದ ಗಾಳಿಗೆ, ಗಾಳಿಯಿಂದ ಕಣಕ್ಕೆ ದಾಟುವಾಗಲೆಲ್ಲ ಬೆಳಕು ದಿಕ್ಕು ತಪ್ಪಿ ಚದುರುತ್ತದೆ.

'ಬೂದಿ' ಸಂಸ್ಕೃತದ 'ಭೂತಿ'ಯ ತದ್ಭವ. ಐಶ್ವರ್ಯ, ಭಸ್ಮ ಎರಡೂ ಅದರ ಅರ್ಥಗಳೇ. ಹಣೆಯ ವಿಭೂತಿಯೂ ಅದೇ ಬಳಗ. ಬಣ್ಣಕ್ಕೆ ನಾವು ಬೂದು ಎಂದೆವು. ಮಾಗಿಯಲ್ಲಿ ನಾಗಮಂಗಲ, ಕೆ.ಆರ್.ಪೇಟೆ ಕಡೆಯ ಅಜ್ಜಿಯರು ಮೊಮ್ಮಕ್ಕಳಿಗೆ "ಕಾಲ್ ನೋಡ್ಲಾ, ಬೂದಿ ಬಳ್ಕಂಡಂಗದೆ, ಒಸಿ ಎಣ್ಣೆ ಸವರ್ಕೊ" ಎನ್ನುವಾಗ ನೆನೆಯುವುದು ಬಣ್ಣವನ್ನಲ್ಲ, ಬೂದಿಯನ್ನೇ. ಭೌತವಿಜ್ಞಾನವೂ ಅಜ್ಜಿಯ ಪಕ್ಷ.

ಚರ್ಮದ ತೀರ ಮೇಲಿನ ಪದರ ಸತ್ತ ಜೀವಕೋಶಗಳದು. ಅವು ದಿನವೂ ಕಣ್ಣಿಗೆ ಬೀಳದಷ್ಟು ಸಣ್ಣಗೆ ಉದುರುತ್ತಿರುತ್ತವೆ. ಕೋಶಗಳ ನಡುವಿನ ಕೊಂಡಿ ಕತ್ತರಿಸುವ ಕಿಣ್ವಗಳಿಗೆ ನೀರು ಬೇಕು. ಒಣಹವೆಗೆ ಚರ್ಮದ ನೀರಾರಿದರೆ ಅವುಗಳ ಕೆಲಸ ಕುಂಟುತ್ತದೆ. ಕೋಶಗಳು ಗುಂಪಾಗಿ ಅಂಟಿಕೊಂಡು ಹೊಟ್ಟಿನಂತೆ ಅಂಚು ಎತ್ತುತ್ತವೆ. ಅಡಿಯಲ್ಲಿ ಗಾಳಿ ಸೇರಿ, ಬೂದಿಯಲ್ಲಿ ಆದಂತೆಯೇ ಬೆಳಕು ಚದುರುತ್ತದೆ. ಮೈ ಕಪ್ಪಾದಷ್ಟೂ ಆ ಚದುರಿದ ಬೆಳಕು ಎದ್ದು ಕಾಣುತ್ತದೆ.

ಗಾಳಿಯ ವಕ್ರೀಭವನ ಸೂಚ್ಯಂಕ ಸುಮಾರು 1, ಈ ಪದರದ್ದು ಸುಮಾರು 1.5, ಕೊಬ್ಬರಿ ಎಣ್ಣೆಯದು ಸುಮಾರು 1.45. ಎಣ್ಣೆ ಗಾಳಿಯನ್ನು ಹೊರದೂಡಿ ಸಂದು ತುಂಬಿದಾಗ ಬೆಳಕಿಗೆ ಎಡವಲು ಗಡಿ ಬಹುತೇಕ ಇರುವುದಿಲ್ಲ. ಹೊಟ್ಟು ಅಲ್ಲೇ ಇದೆ, ಕಾಣುವುದಿಲ್ಲ ಅಷ್ಟೆ. ನೀರು (1.33) ಸವರಿದರೂ ಬೂದು ಮಾಯವಾಗುತ್ತದೆ, ಆದರೆ ಆರಿದೊಡನೆ ಮತ್ತೆ ಹಾಜರು. ನಾಗಮಂಗಲದ ಕೆಮ್ಮಣ್ಣು ಬೇಸಿಗೆಯಲ್ಲಿ ಪೇಲವವಾಗಿ, ಮೊದಲ ಮಳೆಗೆ ಕಡುಗೆಂಪಾಗುವುದಕ್ಕೂ ಇದೇ ಕಾರಣ. ನಾಲೆ ಬಯಲಿನ ಚೌಳು ನೆಲದ ಬಿಳುಪು ಬೇರೆ. ಅದು ನೀರಿನೊಡನೆ ಮೇಲೆದ್ದು ಹರಳುಗಟ್ಟಿದ ಲವಣ.

ಆಲೆಮನೆಗೆ ಬರುವ ಕಬ್ಬಿನಲ್ಲೂ ಪ್ರತಿ ಗೆಣ್ಣಿನ ಕೆಳಗೆ ಒಂದು ಬೂದು ಪಟ್ಟಿಯಿದೆ. ಉಗುರಿನಿಂದ ಕೆರೆದರೆ ಮೇಣ ಬರುತ್ತದೆ. ಬೂದುಗುಂಬಳದ ಮೈಮೇಲಿನ ಪುಡಿಯೂ ಮೇಣವೇ. ಚರ್ಮ ನೀರು ಕಳೆದುಕೊಂಡು ಬೂದಾದರೆ, ಈ ಕಾಯಿ ನೀರು ಕಳೆದುಕೊಳ್ಳದಿರಲೆಂದೇ ಬೂದು ಹೊದ್ದಿದೆ. ಅಟ್ಟದಲ್ಲಿ ಅದು ತಿಂಗಳುಗಟ್ಟಲೆ ಕೆಡದೆ ಉಳಿಯಲು ಆ ಪುಡಿಯೂ ಒಂದು ಕಾರಣ.