ಮೊದಲ ಹೊಲಿಗೆ ಯಂತ್ರ: ಕೆಲವು ಭ್ರಮೆಗಳು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಎಂಬ ಈ ಐದು ತಾಲ್ಲೂಕುಗಳ ನೆಲ ಬಹುಮಟ್ಟಿಗೆ ಮಳೆಯನ್ನೇ ನಂಬಿದ ಬೆದ್ದಲು. ಮುಂಗಾರು ಕೈಕೊಟ್ಟ ವರ್ಷ ಶೇಂಗಾ ಜೋಳಗಳ ಆಸೆ ಬತ್ತಿದ ಮನೆಗಳಲ್ಲಿ ಹೆಣ್ಣುಮಕ್ಕಳು ನೆನೆಯುವ ಜೀವನೋಪಾಯಗಳಲ್ಲಿ ಹೊಲಿಗೆಯೂ ಒಂದು. ಕುಬಸ, ಲಂಗ, ಶಾಲೆಯ ಮಕ್ಕಳ ಸಮವಸ್ತ್ರ ಇವಿಷ್ಟನ್ನು ಹೊಲಿಯಬಲ್ಲೆನಾದರೆ ಸಂತೆಯ ಖರ್ಚಾದರೂ ಹೊರಟೀತೆಂಬ ಅವರ ಎಣಿಕೆ ಅಸಂಗತವಲ್ಲ. ಅಸಂಗತವಾದವು, ಯಂತ್ರವನ್ನು ಕೊಳ್ಳುವ ಮುನ್ನ ಅವರ ಕಿವಿಗೆ ಬೀಳುವ ಬಗೆಬಗೆಯ ಬುದ್ಧಿಮಾತುಗಳು.

ಅವುಗಳಲ್ಲಿ ಅತ್ಯಂತ ಪ್ರಬಲವಾದದ್ದು, ಬೆಲೆಯೂ ಹೊಲಿಗೆಯ ನಮೂನೆಗಳೂ ಏರಿದಷ್ಟು ಹೊಲಿಗೆಯ ಗುಣವೂ ಏರುವುದೆಂಬ ನಂಬಿಕೆ. ಯಂತ್ರದ ಅಂತರಂಗವನ್ನು ಬಲ್ಲವರು ಇದನ್ನು ಒಪ್ಪಲಾರರು. ಸೂಜಿಯು ಮೇಲಿನ ದಾರವನ್ನು ಬಟ್ಟೆಯ ಕೆಳಕ್ಕೆ ಒಯ್ದು, ಮರಳಿ ಏಳುವಾಗ ಅಲ್ಲೊಂದು ಕುಣಿಕೆಯನ್ನು ಬಿಡುವುದು. ಶಟಲಿನ ಕೊಕ್ಕೆ ಆ ಕುಣಿಕೆಯನ್ನು ಹಿಡಿದು, ಕೆಳದಾರವನ್ನು ಸುತ್ತಿಟ್ಟ ಬಾಬಿನ್ನಿನ ಸುತ್ತ ಹಾಯಿಸುವುದು. ಹೀಗೆ ಮೇಲುದಾರವೂ ಕೆಳದಾರವೂ ಬಟ್ಟೆಯ ದಪ್ಪದ ನಡುವೆ ಒಂದನ್ನೊಂದು ಹೆಣೆದು ನಿಲ್ಲುವುದೇ ಹೊಲಿಗೆ. ಅಮೆರಿಕದ ಇಲಿಯಾಸ್ ಹೋವ್ 1846ರಲ್ಲಿ ಪೇಟೆಂಟ್ ಪಡೆದ ಯಂತ್ರ ಆಶ್ರಯಿಸಿದ್ದು ಎರಡು ದಾರಗಳ ಈ ಬಂಧವನ್ನೇ; ಇಂದು ಅಂಗಡಿಯ ಗಾಜಿನ ಹಿಂದೆ ಬೆಳ್ಳಗೆ ಹೊಳೆಯುವ, ಹತ್ತಿಪ್ಪತ್ತು ನಮೂನೆಗಳನ್ನು ಬಲ್ಲ ವಿದ್ಯುದ್ಯಂತ್ರವೂ ಕುಬಸದ ಪಕ್ಕೆಯನ್ನು ಕೂಡಿಸುವಾಗ ಮಾಡುವುದು ಇದನ್ನೇ. ಆದುದರಿಂದ, ಸ್ಟ್ಯಾಂಡು ಸಹಿತವಾಗಿ ಸಾಮಾನ್ಯವಾಗಿ ಹತ್ತು ಸಾವಿರ ರೂಪಾಯಿಯೊಳಗೆ ದೊರಕುವ, ನೇರ ಹೊಲಿಗೆಯೊಂದನ್ನೇ ಅರಿತ ಕಪ್ಪು ಯಂತ್ರವು ಕಲಿಯುವವಳಿಗೆ ಸಾಲದೆನ್ನಲು ಕಾರಣವಿಲ್ಲ. ಸೀರೆಯ ಪೀಕೋ ಮಾಡಲು ಸೂಜಿ ಅತ್ತಿತ್ತ ಸರಿಯುವ ಝಿಗ್‌ಝಾಗ್ ಬೇಕೆಂಬುದೇನೋ ನಿಜ. ಆದರೆ ಅದು ಕೈಗೆ ನಾಲ್ಕು ಕಾಸು ಬಂದ ಮೇಲಿನ ಮಾತು.

ಈ ಯಂತ್ರದ ಜನ್ಮಕಥೆಯನ್ನು ಕುರಿತೇ ಒಂದು ಸುಂದರವಾದ ಭ್ರಮೆಯುಂಟು. ಯಾರ ಚಿತಾಭಸ್ಮದ ಸ್ಮಾರಕವನ್ನು ಕೂಡ್ಲಿಗಿಯ ಜನ ಗೌರವದಿಂದ ಕಾಪಾಡಿಕೊಂಡು ಬಂದಿರುವರೋ, ಯಂತ್ರನಾಗರಿಕತೆಯನ್ನು ಸದಾ ಶಂಕೆಯಿಂದಲೇ ಕಂಡ ಆ ಗಾಂಧೀಜಿ, 1924ರ ಸಂವಾದವೊಂದರಲ್ಲಿ ಹೊಲಿಗೆ ಯಂತ್ರಕ್ಕೆ ಮಾತ್ರ ವಿನಾಯಿತಿ ನೀಡಿದರು. ಕೈಹೊಲಿಗೆಯಿಂದ ಬಳಲುತ್ತಿದ್ದ ಮಡದಿಯನ್ನು ಕಂಡು ಮರುಗಿದ ಸಿಂಗರ್ ಅದನ್ನು ಕಲ್ಪಿಸಿದನೆಂಬುದು ಅವರು ಕೊಟ್ಟ ಕಾರಣ. ಇತಿಹಾಸ ಅಷ್ಟು ಕೋಮಲವಲ್ಲ. ಬಾಸ್ಟನ್ನಿನ ಕಾರ್ಖಾನೆಯೊಂದರಲ್ಲಿ ಅನ್ಯರ ಯಂತ್ರವನ್ನು ತಿದ್ದಲು ತೊಡಗಿದ ಐಸಾಕ್ ಸಿಂಗರ್, 1851ರಲ್ಲಿ ತನ್ನ ಸುಧಾರಣೆಗೆ ಪೇಟೆಂಟ್ ಪಡೆದು, ಹೋವ್‌ನೊಡನೆ ನ್ಯಾಯಾಲಯದಲ್ಲಿ ಕಾದಾಡಿ ಕಡೆಗೆ ಅವನಿಗೆ ರಾಯಧನ ತೆತ್ತ ವ್ಯವಹಾರಸ್ಥ. ಆದರೂ ಬಡವರು ಅವನ ಕಂಪನಿಯನ್ನು ನೆನೆಯಲು ಬೇರೊಂದು ಕಾರಣವುಂಟು: ಒಮ್ಮೆಗೇ ಬೆಲೆ ತೆರಲಾರದ ಮನೆಗಳಿಗೆ ಕಂತಿನಲ್ಲಿ ಯಂತ್ರ ಕೊಡುವ ಪದ್ಧತಿಯನ್ನು ಲೋಕದಲ್ಲಿ ಹರಡಿದವರಲ್ಲಿ ಅದು ಅಗ್ರಗಣ್ಯ.

ಮೋಟಾರಿಲ್ಲದ ಯಂತ್ರ ಹಳತು, ಕೊಳ್ಳತಕ್ಕದ್ದಲ್ಲ ಎಂಬುದು ಇನ್ನೊಂದು ಮಾತು. ಮೋಟಾರು ವೇಗವನ್ನು ಕೊಡುವುದೇ ಹೊರತು ಕೌಶಲವನ್ನಲ್ಲ. ಬಟ್ಟೆಯನ್ನು ನೇರವಾಗಿ ನಡೆಸಲು ಇನ್ನೂ ಕಲಿಯದ ಕೈಗಳಿಗೆ ವೇಗವೇ ಶತ್ರು. ಕಾಲಿನಿಂದ ತುಳಿಯುವ ಯಂತ್ರ ಒಂದೊಂದೇ ಹೊಲಿಗೆಯಾಗಿ ನಿಲ್ಲಬಲ್ಲುದು, ಕರೆಂಟು ಹೋದ ಮಧ್ಯಾಹ್ನವೂ ಓಡಬಲ್ಲುದು. ಕೈ ಪಳಗಿದ ಬಳಿಕ ಅದಕ್ಕೇ ಚಿಕ್ಕದೊಂದು ಮೋಟಾರನ್ನು ಕೂಡಿಸಲು ಅಡ್ಡಿಯಿಲ್ಲ. ಇದಕ್ಕೆ ವಿರುದ್ಧವಾದ ತುದಿಯಲ್ಲಿ, ಬಳ್ಳಾರಿಯ ಜೀನ್ಸ್ ಘಟಕಗಳಲ್ಲಿ ಓಡುವಂಥ ದೊಡ್ಡ ಯಂತ್ರವನ್ನೇ ಕೊಂಡರೆ ಬೇಗ ಹಣ ಮಾಡಬಹುದೆಂಬ ಆಸೆಯಿದೆ. ನಿಮಿಷಕ್ಕೆ ನಾಲ್ಕೈದು ಸಾವಿರ ಹೊಲಿಗೆ ಹಾಕಬಲ್ಲ ಆ ಯಂತ್ರದ ಸೂಜಿಯ ಬಗೆಯೇ ಬೇರೆ, ಬೆಲೆಯೂ ಇಪ್ಪತ್ತು ಸಾವಿರದಾಚೆಯದು. ಹೊಸಬಳ ಕೈಯಿಂದ ಬಟ್ಟೆ ಕಿತ್ತುಕೊಂಡು ಓಡುವುದಂತೂ ನಿಶ್ಚಯ.

ಇಲ್ಲಿಯದೇ ಆದ ಎರಡು ಕೆಲಸಗಳ ವಿಷಯದಲ್ಲಿಯೂ ಯಂತ್ರದಿಂದ ಅತಿಯಾಗಿ ನಿರೀಕ್ಷಿಸುವವರಿದ್ದಾರೆ. ಹಳೆಯ ಸೀರೆ ಧೋತರಗಳನ್ನು ಪದರಪದರವಾಗಿ ಹಾಸಿ ಹೊಲಿಯುವ ಕೌದಿಯ ದಪ್ಪ ಮನೆಯ ಯಂತ್ರದ ಪಾದದಡಿ ನುಸುಳದು. ಬಲವಂತ ಮಾಡಿದರೆ ಸೂಜಿ ಮುರಿಯುವುದು. ತಾಂಡಾಗಳ ಲಂಬಾಣಿ ಕಸೂತಿಗಾದರೋ, ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ನೆರೆಯ ಸಂಡೂರಿನ ಕುಸುರಿಯನ್ನು ನೋಡಿದರೆ ತಿಳಿಯುವಂತೆ, ಬೆಲೆ ಬಂದಿರುವುದೇ ಕೈಯ ಕೆಲಸವೆಂದು. ಇವೆರಡರ ಸಲುವಾಗಿ ಯಂತ್ರಕ್ಕೆ ಹೆಚ್ಚು ಹಣ ತೆರುವುದು ವ್ಯರ್ಥ.

ಬಳಸಿದ ಯಂತ್ರವೆಂದರೆ ಮೋಸವೆಂಬ ಭಯವಿದೆಯಷ್ಟೆ, ಅದು ಅರ್ಧಸತ್ಯ. ಎರಕದ ಕಬ್ಬಿಣದ ಕಪ್ಪು ಯಂತ್ರಗಳು ದಶಕಗಳ ಕಾಲ ಬಾಳುವಂಥವು, ಅವುಗಳ ಬಿಡಿಭಾಗಗಳು ಲೂಧಿಯಾನದಂಥ ಊರುಗಳಿಂದ ಸಣ್ಣ ಪೇಟೆಗಳಿಗೂ ಬಂದು ಸೇರುವುವು. ಕೊಳ್ಳುವ ಮುನ್ನ ಚಕ್ರವನ್ನು ಕೈಯಿಂದ ಮೆಲ್ಲನೆ ತಿರುಗಿಸಿ ಎಲ್ಲಿಯಾದರೂ ಬಿಗಿಯುವುದೋ ನೋಡಬೇಕು. ಸೂಜಿಯ ದಂಡವನ್ನು ಹಿಡಿದು ಅಲುಗಿಸಿ ಸಡಿಲವನ್ನು ಪರೀಕ್ಷಿಸಬೇಕು. ಬಟ್ಟೆಯನ್ನು ಮುಂದಕ್ಕೆ ತಳ್ಳುವ ಹಲ್ಲುಗಳು ಸವೆದಿವೆಯೋ ಎಂದು ಬೆರಳಿನಿಂದ ಮುಟ್ಟಿ ತಿಳಿಯಬೇಕು. ಕಡೆಗೆ ಎರಡು ಪದರದ ಹತ್ತಿಬಟ್ಟೆಯ ಮೇಲೆ ಹೊಲಿದು, ಅದರ ಎರಡು ಮುಖಗಳನ್ನೂ ನೋಡಬೇಕು. ಕಂಪನಿಯ ಹೆಸರಿಗಿಂತ, ತನ್ನ ಸಂತೆಯೂರಿನ ರಿಪೇರಿಯವನ ಬಳಿ ಯಾವ ಯಂತ್ರದ ಬಾಬಿನ್ ಕೇಸು ಸಿಗುವುದೆಂಬ ಪ್ರಶ್ನೆ ಹೆಚ್ಚು ಪ್ರಯೋಜನಕರ.

ಹೊಲಿಗೆ ತಪ್ಪತೊಡಗಿದೊಡನೆ ಯಂತ್ರವೇ ಕೆಟ್ಟಿತೆಂದು ಮಾರಿಬಿಡುವವರುಂಟು. ಎಷ್ಟೋ ವೇಳೆ ದೋಷವಿರುವುದು ಮೊಂಡಾದ, ಅಥವಾ ಚಪ್ಪಟೆ ಮಗ್ಗುಲು ತಪ್ಪಿ ಕೂತ ಸೂಜಿಯಲ್ಲಿ. ತೆಳುವಾದ ಬಟ್ಟೆಗೆ 11, ಸಾಧಾರಣಕ್ಕೆ 14, ದಪ್ಪಕ್ಕೆ 16ನೆಯ ಸೂಜಿಯೆಂಬುದನ್ನು ಮರೆತದ್ದರಲ್ಲಿ. ಮನೆಯಲ್ಲೇ ಇರುವ ಕೊಬ್ಬರಿ ಎಣ್ಣೆಯನ್ನೋ ಶೇಂಗಾ ಎಣ್ಣೆಯನ್ನೋ ಬಿಟ್ಟರಾಯಿತೆಂಬ ಮಿತವ್ಯಯವಂತೂ ದುಬಾರಿಯಾದದ್ದು. ಅವು ಕಾಲಕ್ರಮದಲ್ಲಿ ಅಂಟಾಗಿ ಒಣಗಿ ಕೀಲುಗಳನ್ನು ಹಿಡಿಯುವುವು. ತೆಳುವಾದ ಮಷೀನ್ ಎಣ್ಣೆಯೇ ಬೇಕು.

ಇನ್ನು, ಸರ್ಕಾರ ಎಲ್ಲ ಹೆಂಗಸರಿಗೂ ಉಚಿತ ಯಂತ್ರ ಕೊಡುತ್ತಿದೆ ಎಂದು ಮೊಬೈಲಿನಲ್ಲಿ ಹರಿದಾಡುವ ಸಂದೇಶ. ಪ್ರಧಾನಮಂತ್ರಿಗಳ ಹೆಸರಿನ ಇಂಥ ಸಂದೇಶವನ್ನು ಕೇಂದ್ರ ಸರ್ಕಾರದ ವಾರ್ತಾ ಸಂಸ್ಥೆಯಾದ ಪಿಐಬಿಯೇ ಸುಳ್ಳೆಂದು ಸಾರಿದೆ. ನಿಜವಾಗಿರುವುದು 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆ. ಅದರ 18 ವೃತ್ತಿಗಳಲ್ಲಿ ದರ್ಜಿಯದೂ ಒಂದು. ತರಬೇತಿಯೊಡನೆ ಉಪಕರಣಗಳಿಗಾಗಿ 15,000 ರೂಪಾಯಿವರೆಗೆ ನೆರವೂ, ಮೊದಲ ಹಂತದಲ್ಲಿ ಶೇಕಡಾ 5ರ ಬಡ್ಡಿಗೆ ಒಂದು ಲಕ್ಷದವರೆಗೆ ಸಾಲವೂ ಅದರಲ್ಲುಂಟು. ಆದರೆ ಅದು ಕಲಿಯಬೇಕೆಂದಿರುವವರಿಗಲ್ಲ, ಈಗಾಗಲೇ ವೃತ್ತಿಯಲ್ಲಿ ತೊಡಗಿರುವ 18 ವರ್ಷ ತುಂಬಿದವರಿಗೆ, ಅದೂ ಕುಟುಂಬಕ್ಕೆ ಒಬ್ಬರಿಗೆ ಮಾತ್ರ. ಅರ್ಜಿಯ ಪರಿಶೀಲನೆ ಮೊದಲು ನಡೆಯುವುದು ಗ್ರಾಮ ಪಂಚಾಯಿತಿಯಲ್ಲಿಯೇ.