ನಕ್ಷೆ ಮೊದಲು, ಯಂತ್ರ ಆಮೇಲೆ

ಇಂಗ್ಲೆಂಡಿನಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಅಚ್ಚಾದ ಸರ್ವೆ ನಕ್ಷೆಯೊಂದನ್ನು ಹರಡಿಕೊಂಡು ನೋಡಬೇಕು. ಮೈಲಿಗೆ ಆರು ಇಂಚಿನ ಅಳತೆಯ ನಕ್ಷೆಯಾದರೆ ಒಂದೊಂದು ಹೊಲದ ಬೇಲಿಯೂ ಅದರಲ್ಲಿದೆ. ಊರಾಚೆಯ ಬಾವಿ, ಹೊಳೆ ದಾಟುವ ಜಾಗ, ಸುಣ್ಣದ ಗೂಡು ಎಲ್ಲವೂ ಇವೆ. ಕಾಲುದಾರಿಗೆ ಚುಕ್ಕೆಗೆರೆ, ಪಕ್ಕದಲ್ಲಿ ಪುಟ್ಟದಾಗಿ ‘ಎಫ್.ಪಿ.’ ಎಂಬ ಅಕ್ಷರ. ಇವತ್ತು ಅಲ್ಲಿಗೆ ಹೋದರೆ ಬೇಲಿ ಕಿತ್ತುಹೋಗಿ ನಾಲ್ಕು ಹೊಲ ಒಂದಾಗಿರುತ್ತದೆ, ದಾರಿಯ ಮೇಲೆ ಗೋಧಿ ಬೆಳೆದಿರುತ್ತದೆ. ಮೆಟಲ್ ಡಿಟೆಕ್ಟರ್ ಹಿಡಿದು ಹೊಲ ಸುತ್ತುವ ಅಲ್ಲಿನ ಹವ್ಯಾಸಿಗಳಲ್ಲಿ ಬಲ್ಲವರು ಯಂತ್ರಕ್ಕೆ ಬ್ಯಾಟರಿ ಹಾಕುವ ಮೊದಲು ಕೂರುವುದು ಇಂಥ ನಕ್ಷೆಯ ಮುಂದೆ.

ಕಾರಣ ಸರಳ. ಒಂಟಿ ನಾಣ್ಯವಾದರೆ ಯಂತ್ರಕ್ಕೆ ಗೊತ್ತಾಗುವುದು ಹೆಚ್ಚೆಂದರೆ ಒಂದಡಿ ಆಳದವರೆಗೆ, ಅದೂ ಅದರ ತಟ್ಟೆಯ ಅಗಲದಷ್ಟೇ ಜಾಗದಲ್ಲಿ. ಹತ್ತಾರು ಎಕರೆಯನ್ನು ಹಾಗೆ ಬಾಚುವುದಾಗದ ಮಾತು. ಆದರೆ ಜನ ಎಲ್ಲಿ ನಿಂತರೋ, ಬಗ್ಗಿದರೋ, ಹತ್ತಿ ಇಳಿದರೋ ಅಲ್ಲೇ ಜೇಬಿನದು ಜಾರಿ ಬೀಳುವುದು. ಬೇಲಿ ದಾಟಲು ಇಟ್ಟ ಮೆಟ್ಟಿಲು, ಮಲೆನಾಡಿನವರು ತಡಮೆ ಎನ್ನುವಂಥದ್ದು, ಇದಕ್ಕೆ ಹೆಸರುವಾಸಿ. ಜಾತ್ರೆ ನೆರೆಯುತ್ತಿದ್ದ ಬಯಲು, ಹೊಳೆ ದಾಟುವ ದಂಡೆ, ಬಿದ್ದುಹೋದ ಪ್ರಾರ್ಥನಾ ಮಂದಿರದ ಅಂಗಳ ಕೂಡ ಹಾಗೆಯೇ. ಇವೆಲ್ಲ ನೆಲದಿಂದ ಅಳಿಸಿಹೋದರೂ ಕಾಗದದ ಮೇಲೆ ಉಳಿದಿವೆ.

ಈ ಕಾಗದಗಳನ್ನು ನಿಧಿ ಹುಡುಕುವವರಿಗೆಂದು ಯಾರೂ ಬರೆದಿರಲಿಲ್ಲ. ಫ್ರಾನ್ಸಿನ ದಾಳಿಯ ಭಯದಲ್ಲಿ 1791ರಲ್ಲಿ ಶುರುವಾದ ಆರ್ಡ್‌ನೆನ್ಸ್ ಸರ್ವೆ 1801ರಲ್ಲಿ ಕೆಂಟ್ ಪ್ರಾಂತ್ಯದ ಮೊದಲ ನಕ್ಷೆ ತಂದಿತು. ಕೆಲಸ ಸೈನ್ಯದ್ದಾದರೂ ಪುರಾತನ ಅವಶೇಷಗಳನ್ನು ಬಿಡಲಿಲ್ಲ. ಅವುಗಳ ಹೆಸರನ್ನು ಹಳೆಯ ಶೈಲಿಯ ಬೇರೆ ಅಕ್ಷರದಲ್ಲೇ ಬರೆದರು. ನನಗೆ ಇನ್ನೂ ಅಮೂಲ್ಯವೆನಿಸುವುದು ದಶಾಂಶ ತೆರಿಗೆಯ ನಕ್ಷೆಗಳು. ಚರ್ಚಿಗೆ ಸಲ್ಲುತ್ತಿದ್ದ ಬೆಳೆಯ ಹತ್ತನೆಯ ಪಾಲನ್ನು ಹಣಕ್ಕೆ ಬದಲಿಸುವ ಕಾಯ್ದೆ 1836ರಲ್ಲಿ ಬಂತು. ಆಗ ಹೊಲಗಳಿಗೆ ನಂಬರು ಬಿತ್ತು. ಜೊತೆಗಿನ ಪಟ್ಟಿಯಲ್ಲಿ ಒಡೆಯ, ಗೇಣಿದಾರ, ವಿಸ್ತೀರ್ಣ, ಹೊಲದ ಹೆಸರು ಸೇರಿದವು. ‘ಬ್ಲ್ಯಾಕ್‌ಲ್ಯಾಂಡ್ಸ್’ ಎಂದಿದ್ದರೆ ಬಲ್ಲವರು ಕಿವಿ ನಿಮಿರಿಸುತ್ತಾರೆ: ಹಳೆಯ ವಸತಿಯ ಒಲೆಬೂದಿ, ಕಸ ಬೆರೆತು ಕಪ್ಪಾದ ಮಣ್ಣು ಅಲ್ಲಿರಬಹುದು. ಈಗ ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ ಆರ್ಡ್‌ನೆನ್ಸ್ ಸರ್ವೆಯ ಹಳೆಯ ಹಾಳೆಗಳನ್ನು ಇಂಟರ್‌ನೆಟ್‌ನಲ್ಲಿ ಉಚಿತವಾಗಿಟ್ಟಿದೆ. ಹಳೆಯ ಹಾಳೆಯನ್ನು ಇಂದಿನ ಉಪಗ್ರಹ ಚಿತ್ರದ ಮೇಲೆ ಹೊದಿಸಿ, ಬೇಕಾದಷ್ಟು ತೆಳುವಾಗಿಸಿ ನೋಡಬಹುದು.

ಈ ವಿದ್ಯೆ ಎಷ್ಟು ದೂರ ಹೋಗಬಲ್ಲುದು ಎಂಬುದಕ್ಕೆ ಬಾಸ್‌ವರ್ತ್ ಸಾಕ್ಷಿ. 1485ರ ಆಗಸ್ಟ್ 22ರಂದು ಮೂರನೆಯ ರಿಚರ್ಡ್ ದೊರೆ ಸತ್ತ ಯುದ್ಧ ಅದು. ಲೆಸ್ಟರ್ ಪ್ರಾಂತ್ಯದ ಆಂಬಿಯನ್ ಗುಡ್ಡದಲ್ಲೇ ನಡೆಯಿತೆಂಬ ನಂಬಿಕೆ ಬಲವಾಗಿ, ಅಲ್ಲಿ ಪ್ರವಾಸಿ ಕೇಂದ್ರವೂ ಎದ್ದಿತ್ತು. ಇತಿಹಾಸಕಾರ ಗ್ಲೆನ್ ಫೋರ್ಡ್ ಅವರ ತಂಡ 2005ರಿಂದ ಮತ್ತೆ ಹುಡುಕಿತು. ಮೊದಲು ಹಳೆಯ ದಾಖಲೆ, ಸ್ಥಳನಾಮ, ಮಣ್ಣಿನ ಗುಣ ಎಲ್ಲವನ್ನೂ ಕೂಡಿಸಿ ಹದಿನೈದನೆಯ ಶತಮಾನದ ನೆಲ ಹೇಗಿತ್ತೆಂದು ನಕ್ಷೆ ಮಾಡಿಕೊಂಡರು. ಜೌಗು ಎಲ್ಲಿ, ಉಳುಮೆಯ ಹೊಲ ಎಲ್ಲಿ, ರೋಮನ್ ರಸ್ತೆ ಯಾವ ಕಡೆ. ಆಮೇಲೆ ಡಿಟೆಕ್ಟರ್ ಹಿಡಿದವರು ಸಾಲುಹಿಡಿದು ನಡೆದರು. ಗುಡ್ಡದಿಂದ ಸುಮಾರು ಮೂರು ಕಿಲೋಮೀಟರ್ ಆಚೆ ಸೀಸದ ಫಿರಂಗಿ ಗುಂಡುಗಳು ಎದ್ದವು. ಹಳೆಯ ಜೌಗಿನ ಅಂಚಿನಲ್ಲಿ ಚಿನ್ನದ ನೀರು ಕೊಟ್ಟ ಬೆಳ್ಳಿಯ ಪುಟ್ಟ ಹಂದಿ ಸಿಕ್ಕಿತು. ಹಂದಿ ರಿಚರ್ಡನ ಲಾಂಛನ. ಅವನ ಕಡೆಯವನೊಬ್ಬ ಅದನ್ನು ತೊಟ್ಟು ಅಲ್ಲಿ ಕಾದಿದ್ದಿರಬೇಕು. ಆ ಬಿಲ್ಲೆ ಸಂತೆಯಲ್ಲಿ ಮಾರಾಟವಾಗಿ ಜಾಗ ಮರೆತುಹೋಗಿದ್ದರೆ ಅದು ಬರೀ ಬೆಳ್ಳಿ.

ಆದ್ದರಿಂದಲೇ ಅಲ್ಲಿ ನಿಯಮ ಬಿಗಿಯಾಗಿದೆ. ಜಮೀನಿನವರ ಒಪ್ಪಿಗೆ ಬೇಕು. ಸಂರಕ್ಷಿತ ಸ್ಮಾರಕದ ಮೇಲೆ ಪರವಾನಗಿಯಿಲ್ಲದೆ ಯಂತ್ರ ಆಡಿಸುವುದು 1979ರ ಕಾಯ್ದೆಯಡಿ ಅಪರಾಧ. ಎಲ್ಲಿ ಕಾಲಿಡಬಾರದು ಎಂದು ಹೇಳುವುದೂ ನಕ್ಷೆಯೇ. ನಿಧಿ ಎನ್ನಬಹುದಾದದ್ದು ಸಿಕ್ಕರೆ ಹದಿನಾಲ್ಕು ದಿನಗಳಲ್ಲಿ ವರದಿ ಮಾಡಬೇಕು. ಉಳಿದವನ್ನು ದಾಖಲಿಸಿಕೊಳ್ಳಲು 1997ರಿಂದ ಬೇರೆಯೇ ಯೋಜನೆಯಿದೆ. 2010ರಲ್ಲಿ ಸಾಮರ್ಸೆಟ್‌ನ ಫ್ರೋಮ್ ಬಳಿ ಡೇವ್ ಕ್ರಿಸ್ಪ್ ಎಂಬ ಹವ್ಯಾಸಿಗೆ ಮಡಕೆಯೊಂದರ ಬಾಯಿ ತಗುಲಿತು. ಅವರು ಕೈ ನಿಲ್ಲಿಸಿ ಪುರಾತತ್ವಜ್ಞರನ್ನು ಕರೆದರು. ಪದರಪದರವಾಗಿ ಬಿಡಿಸಿದಾಗ ಆ ಒಂದೇ ಮಡಕೆಯಲ್ಲಿ 52,503 ರೋಮನ್ ನಾಣ್ಯಗಳಿದ್ದವು. ಆ ಹೊತ್ತು ಕೈ ತಡೆಹಿಡಿದದ್ದು ಸಣ್ಣ ಸಂಯಮವಲ್ಲ.

ನಮ್ಮಲ್ಲಿ ನಿಧಿ ಎಂದೊಡನೆ ನೆನಪಾಗುವುದು ವೀರಗಲ್ಲು ಉರುಳಿಸಿ, ಗರ್ಭಗುಡಿಯ ನೆಲ ಬಗೆದು ಹೋದ ಗುಂಡಿಗಳು. ಹತ್ತು ರೂಪಾಯಿಗೆ ಮೀರಿದ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು 1878ರಷ್ಟು ಹಿಂದೆಯೇ ಕಾಯ್ದೆಯಾದ ದೇಶ ನಮ್ಮದು. ಆದ್ದರಿಂದ ಇದನ್ನೋದಿ ಯಾರೂ ಯಂತ್ರ ತರಿಸಿಕೊಳ್ಳುವುದು ಬೇಡ. ನಕ್ಷೆಯನ್ನು ಮಾತ್ರ ಖಂಡಿತ ತೆಗೆಯಿರಿ. ಕಂದಾಯ ಇಲಾಖೆಯ ಗ್ರಾಮ ನಕ್ಷೆಗಳಲ್ಲಿ ಬಂಡಿದಾರಿ, ಕಾಲುದಾರಿ, ಹಳ್ಳ, ಕೆರೆ ಗುರುತಾಗಿವೆ. ಜನವಸತಿಯಿಲ್ಲದ ಬೇಚರಾಕ್ ಗ್ರಾಮಗಳೂ ದಾಖಲೆಯಲ್ಲಿ ಹೆಸರು ಉಳಿಸಿಕೊಂಡಿವೆ. ನಿಮ್ಮೂರಿನ ನಕ್ಷೆ ಹಿಡಿದು ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು ಒಮ್ಮೆ ಆ ಹಾಳೂರಿನವರೆಗೆ ನಡೆದು ಬನ್ನಿ. ಹೊಲದ ಹೆಸರುಗಳನ್ನು ಬರೆದುಕೊಳ್ಳಿ. ಉತ್ತ ಮಣ್ಣಿನ ಮೇಲೆ ಹಳೆಯದೇನಾದರೂ ಕಂಡರೆ ಅಗೆಯಬೇಡಿ. ಸರ್ವೆ ನಂಬರು ಗುರುತು ಹಾಕಿಕೊಂಡು ಪುರಾತತ್ವ ಇಲಾಖೆಗೆ ತಿಳಿಸಿ.