ಲಕ್ಷಣಕೂಟದ ಗುರುತು: ಡಿಜಾರ್ಜ್ ಸಿಂಡ್ರೋಮ್ ಮತ್ತು ಕನ್ನಡ ಪರಿಭಾಷೆ

1915ರಲ್ಲಿ ಸ್ಥಾಪನೆಗೊಂಡು ಚಾಮರಾಜಪೇಟೆಯಲ್ಲಿ ನೆಲೆ ಕಂಡ ಕನ್ನಡ ಸಾಹಿತ್ಯ ಪರಿಷತ್ತು ಎಂಟು ಸಂಪುಟಗಳ ನಿಘಂಟಿನ ಮೂಲಕ ಶಬ್ದಾರ್ಥ ನಿರ್ಣಯದ ಭದ್ರ ಪರಂಪರೆಯೊಂದನ್ನು ಕಟ್ಟಿಕೊಟ್ಟಿದೆ. ಆದರೆ ವೈದ್ಯಕೀಯ ಪರಿಭಾಷೆಯಲ್ಲಿ ಅರ್ಥವೊಂದೇ ಸಾಲದು. ಹೆಸರು ರೋಗದ ಗುರುತಿಗೂ ನೆರವಾಗಬೇಕು. ಹಸುಗೂಸಿನ ಸೆಳವನ್ನು ಜನಪದರು ‘ಬಾಲಗ್ರಹ’ವೆಂದರು. ಆ ಪದ ಸೆಳವನ್ನು ಹೆಸರಿಸುತ್ತದೆಯೇ ಹೊರತು ಅದರ ಶಾರೀರಿಕ ಕಾರಣವನ್ನು ಸೂಚಿಸುವುದಿಲ್ಲ. ಅಂತಹ ಕಾರಣಗಳಲ್ಲಿ ಡಿಜಾರ್ಜ್ ಸಿಂಡ್ರೋಮ್ ಒಂದು.

ಅಮೆರಿಕದ ವೈದ್ಯ ಆಂಜೆಲೊ ಡಿಜಾರ್ಜ್ 1965ರಲ್ಲಿ ಥೈಮಸ್ ಮತ್ತು ಪ್ಯಾರಾಥೈರಾಯ್ಡ್ ಗ್ರಂಥಿಗಳ ಅಭಾವ ಶಿಶುಗಳಲ್ಲಿ ಜೊತೆಯಾಗಿ ಕಾಣುವುದನ್ನು ಗುರುತಿಸಿದರು. ಭ್ರೂಣದ ಕತ್ತಿನ ಭಾಗದ ಚೀಲಗಳಿಂದಲೇ ಇವೆರಡೂ ರೂಪುಗೊಳ್ಳುತ್ತವೆ. ಬಹುಪಾಲು ಪ್ರಕರಣಗಳಲ್ಲಿ 22ನೆಯ ವರ್ಣತಂತುವಿನ ಸಣ್ಣ ತುಣುಕೊಂದು ಲುಪ್ತವಾಗಿರುತ್ತದೆ. ಪ್ಯಾರಾಥೈರಾಯ್ಡ್ ಕುಂದಿದರೆ ರಕ್ತದ ಕ್ಯಾಲ್ಸಿಯಂ ಇಳಿದು ಸೆಳವು ಬರುತ್ತದೆ. ಥೈಮಸ್ ಕುಂದಿದರೆ ಟಿ-ಕಣಗಳು ಬಲಿಯದೆ ಸೋಂಕುಗಳು ಮರುಕಳಿಸುತ್ತವೆ. ಹೃದಯದ ಹುಟ್ಟುದೋಷ, ಅಂಗುಳಿನ ದೋಷಗಳೂ ಸೇರಬಹುದು. ಕುಡಿದ ಹಾಲು ಮೂಗಿನಿಂದ ಹೊರಬರುವುದು ಅಂಗುಳಿನ ದೋಷದ ಸುಳಿವು. ಇದೇ ಮಗು ಮಾತು ಕಲಿತಾಗ ‘ಪ’, ‘ಬ’ಗಳು ‘ಮ’ಕಾರದಂತೆ ಕೇಳಿಸಬಹುದು.

ಈ ಲಕ್ಷಣಗಳನ್ನು ಬಿಡಿಬಿಡಿಯಾಗಿ ನೋಡಿದಾಗ ರೋಗ ಮರೆಯಾಗುತ್ತದೆ. ವೈದ್ಯವಿಜ್ಞಾನವೂ ಈ ತೊಡಕನ್ನು ಅನುಭವಿಸಿದೆ. 1978ರಲ್ಲಿ ಶ್ಪ್ರಿಂಟ್ಜೆನ್ ಮತ್ತು ಸಹೋದ್ಯೋಗಿಗಳು ಅಂಗುಳು, ಹೃದಯ, ಮುಖಚರ್ಯೆಗಳನ್ನು ಆಧರಿಸಿ ವಿವರಿಸಿದ ಬೇರೊಂದು ಸಿಂಡ್ರೋಮ್‌ಗೂ ಬಹುಮಟ್ಟಿಗೆ ಇದೇ ಲೋಪ ಮೂಲವೆಂಬುದು 1990ರ ದಶಕದ ಆರಂಭದಲ್ಲಷ್ಟೇ ಸ್ಪಷ್ಟವಾಯಿತು.

ಗುರುತು ಬೇಗ ಆಗಬೇಕಾದುದಕ್ಕೆ ಕಾರಣವಿದೆ. ಭಾರತದ ಲಸಿಕಾ ಪಟ್ಟಿಯಂತೆ ಹುಟ್ಟಿನಲ್ಲೇ ಬಿ.ಸಿ.ಜಿ. ಹಾಗೂ ಪೋಲಿಯೊ ಹನಿ ನೀಡಲಾಗುತ್ತದೆ. ಇವೆರಡೂ ಜೀವಂತ ಲಸಿಕೆಗಳು. ಟಿ-ಕಣಗಳು ತೀರ ಕಡಿಮೆಯಿರುವ ಶಿಶುವಿಗೆ ಅಪಾಯಕಾರಿ. ಥೈಮಸ್ ಪೂರ್ಣವಾಗಿ ಇಲ್ಲದಿರುವುದು ವಿರಳವಾದರೂ, ಶಂಕೆಯಿದ್ದಲ್ಲಿ ಟಿ-ಕಣಗಳ ಎಣಿಕೆಯಾಗುವವರೆಗೆ ಇಂತಹ ಲಸಿಕೆಗಳನ್ನು ತಡೆಹಿಡಿಯಬೇಕಾಗುತ್ತದೆ. ರಕ್ತ ನೀಡಬೇಕಾದರೆ ವಿಕಿರಣಕ್ಕೊಡ್ಡಿದ ರಕ್ತವೇ ಆಗಬೇಕು. ಕ್ಯಾಲ್ಸಿಯಂ ಪರೀಕ್ಷೆ ಮತ್ತು ಹೃದಯದ ಎಕೋ ಶಂಕೆಯನ್ನು ಬಲಪಡಿಸಿದರೆ, ಫಿಶ್ ಅಥವಾ ಮೈಕ್ರೋಅರೇ ತಳಿಪರೀಕ್ಷೆ ವರ್ಣತಂತುವಿನ ಲೋಪವನ್ನು ಖಚಿತಪಡಿಸುತ್ತದೆ. ಹತ್ತರಲ್ಲಿ ಸುಮಾರು ಒಂಬತ್ತು ಪ್ರಕರಣಗಳಲ್ಲಿ ಲೋಪ ಮಗುವಿನಲ್ಲಿ ಹೊಸದಾಗಿ ಉಂಟಾದುದು. ಆದುದರಿಂದ ವಂಶದಲ್ಲಿ ಈ ರೋಗವಿಲ್ಲವೆಂಬ ಮಾತು ಶಂಕೆಯನ್ನು ನಿವಾರಿಸದು. ತಾಯಿ ಅಥವಾ ತಂದೆಯಲ್ಲಿ ಲೋಪವಿದ್ದರೆ ಮಾತ್ರ ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಶೇ. 50.

ಈ ಹಿನ್ನೆಲೆಯಲ್ಲಿ ಸಿಂಡ್ರೋಮ್ ಪದಕ್ಕೆ ‘ಲಕ್ಷಣಕೂಟ’ ಎಂಬ ಸಂವಾದಿ ಹೆಚ್ಚು ಅರ್ಥವತ್ತಾದುದು. ವ್ಯಕ್ತಿನಾಮ ರೋಗವನ್ನು ಕಂಡವರನ್ನು ನೆನಪಿಸುತ್ತದೆ. ‘ಕೂಟ’ವಾದರೋ ಸೆಳವು ಕಂಡಾಗ ಹೃದಯ, ಅಂಗುಳು, ಸೋಂಕುಗಳತ್ತಲೂ ನೋಡುವಂತೆ ಸೂಚಿಸುತ್ತದೆ. ವೈದ್ಯಕೀಯ ಪದರಚನೆಯಲ್ಲಿ ತೊಡಗಿದವರು ಪರಿಗಣಿಸಬೇಕಾದ ಅಂಶವಿದು.